ಅರ್ಧ ಕಿಲೋ ಒಳಗಿನ ರೀಲ್ ಕ್ಯಾಮೆರಾ ಹುಡುಕಿದ್ದು

ರೀಲ್ ಹಾಕುವ ಎಸ್‌ಎಲ್‌ಆರ್ (ಲೆನ್ಸಿನ ಮೂಲಕವೇ ನೋಡಿ ಫೋಟೋ ತೆಗೆಯುವ) ಕ್ಯಾಮೆರಾ ಕೊಳ್ಳಬೇಕು ಅಂದವರಿಗೆಲ್ಲ ಬಲ್ಲವರು ಮೊದಲು ಹೇಳುವ ಹೆಸರು ಪೆಂಟಾಕ್ಸ್ ಕೆ1000. ನನಗೂ ಅದನ್ನೇ ಹೇಳಿದರು. ತಪ್ಪು ಸಲಹೆಯೇನಲ್ಲ. 1976ರಿಂದ 1997ರವರೆಗೆ ತಯಾರಾದ ಕ್ಯಾಮೆರಾ ಅದು. ಫೋಟೋಗ್ರಫಿ ಕಲಿಯುವವರ ಕ್ಯಾಮೆರಾ ಎಂದೇ ಹೆಸರಾಯಿತು. ಫಿಲಂಗೆ ಬೆಳಕು ಬಿಟ್ಟು ಮುಚ್ಚುವ ಶಟರ್ ಪೂರ್ತಿ ಮೆಕ್ಯಾನಿಕಲ್, ಬ್ಯಾಟರಿ ಬೇಕಿರುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಆದರೆ ಬರೀ ಬಾಡಿಯೇ ಆರುನೂರು ಗ್ರಾಂ ದಾಟುತ್ತದೆ. ಮೀಟರ್ ಆಫ್ ಮಾಡಲು ಸ್ವಿಚ್ಚೂ ಇಲ್ಲ. ಲೆನ್ಸಿಗೆ ಮುಚ್ಚಳ ಹಾಕಿದರೆ ಮಾತ್ರ ಅದು ಮಲಗುತ್ತದೆ.

ಭಾರದ ಕ್ಯಾಮೆರಾ ನನಗೆ ಹೊಸದಲ್ಲ. ಮನೆಯಲ್ಲಿ ಅಣ್ಣನ ಕಾಲದ ಒಂದು ಜೆನಿಟ್ ಇದೆ. ಸೋವಿಯತ್ ಕಾಲದ ಮಾಲು, ಹೆಲಿಯೋಸ್ ಲೆನ್ಸ್ ಸೇರಿದರೆ ಒಂದು ಕಿಲೋ ಹತ್ತಿರ. ಅದನ್ನು ಕುತ್ತಿಗೆಗೆ ಹಾಕಿಕೊಂಡು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದರೆ ದೊಡ್ಡ ನಂದಿ ಬರುವ ಹೊತ್ತಿಗೆ ಫೋಟೋ ತೆಗೆಯುವ ಉತ್ಸಾಹವೇ ಇಳಿದಿರುತ್ತದೆ. ಸಾಲದ್ದಕ್ಕೆ ಅದರ ಕಣ್ಣಿಟ್ಟು ನೋಡುವ ಕಿಟಕಿಯಲ್ಲಿ, ಅಂದರೆ ವ್ಯೂಫೈಂಡರಿನಲ್ಲಿ, ಚೌಕಟ್ಟಿನ ಅಂಚುಗಳು ಕಾಣುವುದೇ ಇಲ್ಲ. ನಾವು ನೋಡಿದ್ದಕ್ಕಿಂತ ಎಷ್ಟೋ ಹೆಚ್ಚು ನೆಗೆಟಿವ್‌ನಲ್ಲಿ ಬಂದು ಕೂತಿರುತ್ತದೆ, ಯಾರದೋ ಮೊಣಕೈ, ಯಾರದೋ ಸ್ಕೂಟರಿನ ಕನ್ನಡಿ.

ಹಾಗಾಗಿ ನಾನು ಹಾಕಿಕೊಂಡ ಷರತ್ತು ಸರಳ. ಬಾಡಿಯ ತೂಕ ಅರ್ಧ ಕಿಲೋದ ಆಸುಪಾಸು ಇರಬೇಕು, ದಿನಾ ಆಫೀಸಿನ ಬ್ಯಾಗಿನಲ್ಲಿ ಊಟದ ಡಬ್ಬಿಯ ಪಕ್ಕ ಕೂರಬೇಕು, ಲೆನ್ಸಿನ ಮೂಲಕವೇ ನೋಡಿ ಫೋಕಸ್ ಮಾಡುವಂತಿರಬೇಕು. ಜೇಬಿಗೆ ಹಿಡಿಯುವ ಪಾಯಿಂಟ್ ಅಂಡ್ ಶೂಟ್‌ಗಳು ಇನ್ನೂ ಚಿಕ್ಕವು, ನಿಜ. ಆದರೆ ಹತ್ತಿರದ ವಸ್ತುವನ್ನು ಇದ್ದ ಹಾಗೆ ನೋಡಿ ತೆಗೆಯುವ ಸುಖ ಅವುಗಳಲ್ಲಿಲ್ಲ.

ಚಿಕ್ಕ ಎಸ್‌ಎಲ್‌ಆರ್ ಎಂಬ ಮಾತು ಶುರುವಾಗುವುದೇ ಒಲಿಂಪಸ್ ಓಎಂ-1ರಿಂದ. ಯೋಶಿಹಿಸಾ ಮೈತಾನಿ ಎಂಬ ಎಂಜಿನಿಯರ್ ರೂಪಿಸಿದ್ದು. ಅದಕ್ಕೂ ಮೊದಲು ಒಂದೇ ರೀಲಿನಲ್ಲಿ ಎರಡರಷ್ಟು ಫೋಟೋ ಬರುವ ಒಲಿಂಪಸ್ ಪೆನ್ ಕ್ಯಾಮೆರಾ ಮಾಡಿದ್ದವರೂ ಅವರೇ. 1972ರಲ್ಲಿ ಇದು ಬಂದಾಗ ಹೆಸರು ಎಂ-1. ಆ ಹೆಸರಿಗೆ ಲೈಕಾದವರು ತಕರಾರು ತೆಗೆದ ಮೇಲೆ ಓಎಂ-1 ಆಯಿತು. ದೊಡ್ಡ ದೊಡ್ಡ ಎಸ್‌ಎಲ್‌ಆರ್‌ಗಳ ಕಾಲದಲ್ಲಿ 510 ಗ್ರಾಂನ ಬಾಡಿ. ಶಟರ್ ವೇಗ ಬದಲಿಸುವ ಚಕ್ರವನ್ನು ಮೇಲಿನ ತಟ್ಟೆಯಿಂದ ತೆಗೆದು ಲೆನ್ಸ್ ಕೂರುವ ಜಾಗದ ಸುತ್ತ ಬಳೆಯ ಥರ ಇಟ್ಟರು. ಗಾತ್ರ ಇಳಿಸಿದರೂ ಕನ್ನಡಿ, ವ್ಯೂಫೈಂಡರ್ ಚಿಕ್ಕದು ಮಾಡಲಿಲ್ಲ, ಅದೇ ಇದರ ಹೆಚ್ಚುಗಾರಿಕೆ.

ಪೆಂಟಾಕ್ಸ್‌ನವರು 1976ರಲ್ಲಿ ಇದಕ್ಕೆ ಕೊಟ್ಟ ಉತ್ತರ ಎಂಎಕ್ಸ್. ಓಎಂ-1ರ ಅಳತೆ 136, 83, 50 ಮಿಲಿಮೀಟರ್. ಎಂಎಕ್ಸ್‌ನದು 135.5, 82.5, 49.5. ಉದ್ದ, ಎತ್ತರ, ದಪ್ಪ ಮೂರರಲ್ಲೂ ಸರಿಯಾಗಿ ಅರ್ಧರ್ಧ ಮಿಲಿಮೀಟರ್ ಕಡಿಮೆ! ತೂಕ 495 ಗ್ರಾಂ. ಅಳತೆಪಟ್ಟಿ ಹಿಡಿದುಕೊಂಡು ಜಿದ್ದಿಗೆ ಬಿದ್ದು ಮಾಡಿದ ಕೆಲಸ ಎಂದು ಓದಿದವರಿಗೇ ಗೊತ್ತಾಗುತ್ತದೆ. ಕೈಯಲ್ಲಿ ಹಿಡಿದಾಗ ಆ ಅರ್ಧ ಮಿಲಿಮೀಟರ್ ಯಾರಿಗೂ ತಿಳಿಯುವುದಿಲ್ಲ ಅನ್ನುವುದು ಬೇರೆ ಮಾತು.

ಇವೆರಡರ ಜೊತೆ ಪಟ್ಟಿಯಲ್ಲಿ ಇನ್ನೂ ಕೆಲವು ಸೇರಿಕೊಂಡವು. ಪೆಂಟಾಕ್ಸ್ ಎಂಇ ಸೂಪರ್ ಎಂಎಕ್ಸ್‌ಗಿಂತಲೂ ಹಗುರ. ಅಪರ್ಚರ್, ಅಂದರೆ ಲೆನ್ಸಿನೊಳಗಿನ ಬೆಳಕಿನ ಕಿಂಡಿಯ ಅಳತೆ, ನಾವು ಇಟ್ಟರೆ ಶಟರ್ ವೇಗ ತಾನೇ ಆರಿಸಿಕೊಳ್ಳುತ್ತದೆ. ಕಲಿಯುವವರಿಗೆ ಅನುಕೂಲವೇ. ಆದರೆ ಶಟರ್ ಎಲೆಕ್ಟ್ರಾನಿಕ್, ಬ್ಯಾಟರಿ ಸತ್ತರೆ 1/125 ಸೆಕೆಂಡ್ ಮತ್ತು ಬಿ (ಗುಂಡಿ ಒತ್ತಿದಷ್ಟು ಹೊತ್ತೂ ಶಟರ್ ತೆರೆದಿರುವುದು) ಬಿಟ್ಟು ಬೇರೆ ವೇಗವಿಲ್ಲ, ಒಳಗಿನ ಸರ್ಕ್ಯೂಟ್ ಕೆಟ್ಟರೆ ಇನ್ನೊಂದು ಸತ್ತ ಕ್ಯಾಮೆರಾದ ಹೊಟ್ಟೆ ಬಗೆದು ಬಿಡಿಭಾಗ ತರಬೇಕು. ಕ್ಯಾನನ್ ಎಇ-1 ಚೆನ್ನಾಗಿದೆ, ಆದರೆ ಅದರ ಬೆಲೆಯಲ್ಲಿ ಅರ್ಧ ಫ್ಯಾಷನ್ನಿಗೆ ಕೊಡುವ ದುಡ್ಡು ಅಂತ ನನ್ನ ಅಭಿಪ್ರಾಯ; ತೂಕವೂ ಆರುನೂರರ ಹತ್ತಿರ.

ಇನ್ನು ನಿಕಾನ್ ಎಫ್‌ಎಂ10. ನಮ್ಮ ಬೀದಿಯ ಸ್ಟುಡಿಯೋದವರ ಹತ್ತಿರ ಒಂದು ಇತ್ತು, ಡಿಜಿಟಲ್ ಬಂದ ಮೇಲೆ ಶೋಕೇಸಿನಲ್ಲಿ ಕೂತದ್ದು. 420 ಗ್ರಾಂ. ನಿಕಾನ್ ಎಂದು ಬರೆದಿದ್ದರೂ ತಯಾರಿಸಿದ್ದು ಕೊಸಿನಾ ಎಂಬ ಜಪಾನಿ ಕಂಪನಿ. ಈ ಕೊಸಿನಾದ ಕಥೆ ಸ್ವಾರಸ್ಯವಾಗಿದೆ: ಒಂದೇ ಹಿಟ್ಟಿನಲ್ಲಿ ಇಡ್ಲಿಯೂ ದೋಸೆಯೂ ಆಗುವ ಹಾಗೆ ಅದೇ ಮೂಲ ಚೌಕಟ್ಟಿನಿಂದ ನಿಕಾನ್ ಎಫ್‌ಎಂ10, ಒಲಿಂಪಸ್ ಓಎಂ-2000, ಕ್ಯಾನನ್ ಟಿ60 ಎಲ್ಲ ಹೊರಬಂದಿವೆ. ಯಾಶಿಕಾ ಎಫ್‌ಎಕ್ಸ್-3 ಸೂಪರ್ 2000 ಕೂಡ ಕೊಸಿನಾದಲ್ಲೇ ತಯಾರಾದದ್ದು. ಹೆಸರು ನೋಡಿ ಬೆಲೆ ಕೊಡುವವರು ಇದನ್ನು ತಿಳಿದಿದ್ದರೆ ಒಳ್ಳೆಯದು. ಯಾಶಿಕಾದ ಮೈಮೇಲಿನ ಕಪ್ಪು ಹೊದಿಕೆ ವರ್ಷ ಕಳೆದಂತೆ ಉದುರುವುದು ಹೆಸರುವಾಸಿ. ಒಳಗಿನ ಯಂತ್ರಕ್ಕೆ ಅದರಿಂದ ಏನೂ ಆಗುವುದಿಲ್ಲ. ಹೊದಿಕೆ ಕಿತ್ತುಹೋಗಿದೆ ಎಂದೇ ಕಡಿಮೆ ಬೆಲೆಗೆ ಸಿಕ್ಕಿದರೆ ಅದು ಲಾಭ.

ಕಾಗದದ ಮೇಲೆ ಇಷ್ಟು ಸಾಕು. ಕೈಗೆ ಬಂದಾಗಲೇ ಗೊತ್ತಾಗಿದ್ದು, ತೂಕಕ್ಕಿಂತ ದೊಡ್ಡ ಪ್ರಶ್ನೆ ಬೇರೆಯೇ ಇದೆ ಎಂದು. ನಾನು ಕನ್ನಡಕದವಳು. ಸ್ನೇಹಿತೆಯೊಬ್ಬಳ ಓಎಂ-1, ಸ್ಟುಡಿಯೋದವರ ಎಫ್‌ಎಂ10, ಪರಿಚಯದವರೊಬ್ಬರ ಎಂಎಕ್ಸ್, ಮೂರನ್ನೂ ಬೇರೆ ಬೇರೆ ದಿನ ಕಣ್ಣಿಗೆ ಹಿಡಿದು ನೋಡಿದೆ. ಎಫ್‌ಎಂ10ರ ಕಿಟಕಿ ಚಿಕ್ಕದು, ತುಸು ಮಂಕು. ಅದನ್ನು ನೋಡಿದ ಮೇಲೆ ಎಂಎಕ್ಸ್ ಎತ್ತಿಕೊಂಡರೆ ಬಾಗಿಲು ತೆರೆದಂತಾಗುತ್ತದೆ. 50 ಎಂಎಂ ಲೆನ್ಸ್ ಹಾಕಿದಾಗ ಅದರಲ್ಲಿ ವಸ್ತುಗಳು 0.97 ಪಟ್ಟು ಕಾಣುತ್ತವೆ, ಅಂದರೆ ಹೆಚ್ಚುಕಡಿಮೆ ಬರಿಗಣ್ಣಿನ ಗಾತ್ರ. ಎರಡೂ ಕಣ್ಣು ಬಿಟ್ಟುಕೊಂಡೇ ಫೋಕಸ್ ಮಾಡಬಹುದು. ಓಎಂ-1ರದು 0.92, ಅದೂ ಕಡಿಮೆಯೇನಲ್ಲ.

ಆದರೆ ಇಲ್ಲೊಂದು ತೊಡಕು. ಚಿತ್ರ ದೊಡ್ಡದಾದಷ್ಟೂ ಕಣ್ಣು ಹತ್ತಿರ ಹೋಗಬೇಕು. ಕನ್ನಡಕದ ಗಾಜು ಅಡ್ಡ ಬಂದಾಗ ಎಂಎಕ್ಸ್‌ನ ನಾಲ್ಕು ಮೂಲೆಗಳೂ ಒಮ್ಮೆಗೇ ಕಾಣುವುದಿಲ್ಲ. ಬಲಗಡೆ ಶಟರ್ ವೇಗದ ಅಂಕಿ, ಮೇಲೆ ಲೆನ್ಸಿನ ಅಪರ್ಚರ್ ಅಂಕಿಯನ್ನೇ ನೇರವಾಗಿ ತೋರಿಸುವ ಪುಟ್ಟ ಕಿಂಡಿ. ಇವೆಲ್ಲ ನೋಡಲು ಕಣ್ಣನ್ನು ಸ್ವಲ್ಪ ಆಚೀಚೆ ಹೊರಳಿಸಬೇಕು. ಓಎಂ-1ರಲ್ಲಿ ಎಡ ಮೂಲೆಯ ಒಂದು ಮುಳ್ಳು ಬಿಟ್ಟರೆ ಬೇರೇನೂ ಇಲ್ಲ. ಕನ್ನಡಕದವರಿಗೆ ಆ ಖಾಲಿತನವೇ ಹಿತ. ಹೀಗಾಗಿ ಬಹಳ ದಿನ ನನ್ನ ಮನಸ್ಸು ಓಎಂ-1ರ ಕಡೆಗೇ ವಾಲಿತ್ತು.

ಅಲ್ಲಿಂದ ಎಳೆದು ತಂದದ್ದು ಬ್ಯಾಟರಿ. ಓಎಂ-1ರ ಮೀಟರ್ 1.35 ವೋಲ್ಟಿನ ಪಾದರಸದ ಸೆಲ್ಲಿಗೆ ಮಾಡಿದ್ದು. ಪಾದರಸದ ಸೆಲ್‌ಗಳು ಈಗ ಮಾರುಕಟ್ಟೆಯಲ್ಲಿಲ್ಲ. ಅದೇ ಅಳತೆಯ 1.5 ವೋಲ್ಟಿನ ಸೆಲ್ ಹಾಕಿದರೆ ಇರುವುದಕ್ಕಿಂತ ಹೆಚ್ಚು ಬೆಳಕಿದೆ ಎಂದು ಮುಳ್ಳು ಸುಳ್ಳು ಹೇಳುತ್ತದೆ, ಫೋಟೋ ಕಪ್ಪಾಗುತ್ತದೆ. ವೋಲ್ಟೇಜ್ ಇಳಿಸುವ ಅಡಾಪ್ಟರ್ ಹಾಕಬಹುದು. ಇಲ್ಲವೇ ಕಿವಿಯ ಮಷೀನಿಗೆ ಹಾಕುವ 675 ನಂಬರಿನ ಝಿಂಕ್ ಏರ್ ಸೆಲ್ ತಂದು ಸುತ್ತ ಒಂದು ರಬ್ಬರ್ ಉಂಗುರ ಇಟ್ಟು ಕೂರಿಸಬಹುದು. ನನ್ನ ಸ್ನೇಹಿತೆ ಮಾಡಿಕೊಂಡಿರುವುದು ಅದನ್ನೇ. ಅದರ ಅಂಟುಚೀಟಿ ಒಮ್ಮೆ ಕಿತ್ತರೆ ಬಳಸಲಿ ಬಿಡಲಿ ಸೆಲ್ ಖರ್ಚಾಗುತ್ತಲೇ ಇರುತ್ತದೆ. ಅವಳಿಗೆ ಬೇಸರವಿಲ್ಲ, ಹೆಚ್ಚಿನ ಹೊತ್ತು ಮೀಟರೇ ನೋಡದೆ ಅಂದಾಜಿನಲ್ಲಿ ಹೊಡೆಯುತ್ತಾಳೆ. ನನಗೆ ಎಂಎಕ್ಸ್‌ನ ಎಲ್‌ಆರ್44 ಬಟನ್ ಸೆಲ್ ಸಾಕೆನ್ನಿಸಿತು. ಯಾವ ವಾಚಿನ ಅಂಗಡಿಯಲ್ಲಾದರೂ ಸಿಗುತ್ತದೆ, ಎರಡು ಹಾಕಿದರೆ ತಿಂಗಳುಗಟ್ಟಲೆ ಯೋಚನೆಯಿಲ್ಲ.

ಕೊಳ್ಳುವ ಹಂತ ಬಂದಾಗ ಆನ್‌ಲೈನ್ ಜಾಹೀರಾತುಗಳನ್ನು ನೋಡಿ ನೋಡಿ ಸಾಕಾಯಿತು. ಜಪಾನಿನಿಂದ ತರಿಸಿದರೆ ಮಾಲು ಚೆನ್ನಾಗಿರುತ್ತದೆ, ಆದರೆ ಸಾಗಣೆ, ಕಸ್ಟಮ್ಸ್ ಸುಂಕ ಸೇರಿ ಬೆಲೆ ಎಲ್ಲಿಗೋ ಹೋಗುತ್ತದೆ. ಇಲ್ಲಿಯವರಲ್ಲಿ ಹೆಚ್ಚಿನವರ ಬರಹ ಒಂದೇ: "ತಾತನ ಕ್ಯಾಮೆರಾ, ವರ್ಕಿಂಗ್ ಕಂಡೀಷನ್, ಟೆಸ್ಟ್ ಮಾಡಿಲ್ಲ." ಟೆಸ್ಟ್ ಮಾಡದೆ ವರ್ಕಿಂಗ್ ಅಂತ ಹೇಗೆ ಗೊತ್ತಾಯಿತೋ! ಒಬ್ಬರನ್ನು ಲೆನ್ಸಿಗೆ ಹಿಂದಿನಿಂದ ಟಾರ್ಚ್ ಬಿಟ್ಟು ಫೋಟೋ ಕಳಿಸಿ ಅಂದೆ. ಕಳಿಸಿದರು. ಗಾಜಿನ ಒಳಗೆ ಬಿಳಿ ಎಳೆಗಳು ಅಂಚಿನಿಂದ ನಡುವಿನವರೆಗೆ ಹಬ್ಬಿದ್ದವು. ಬೂಷ್ಟು. ನಮ್ಮ ಕರಾವಳಿ, ಮಲೆನಾಡಿನ ಬೀರುಗಳಲ್ಲಿ ಚರ್ಮದ ಕೇಸಿನೊಳಗೆ ಮಳೆಗಾಲಗಳನ್ನು ಕಳೆದ ಲೆನ್ಸುಗಳ ಪಾಡು ಇದೇ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ಅಂಚಿನಲ್ಲಿ ಸ್ವಲ್ಪವಿದ್ದರೆ ಬಿಚ್ಚಿ ಒರೆಸಬಹುದು, ಗಾಜಿನ ಲೇಪ ತಿಂದಿದ್ದರೆ ಆಸೆ ಬಿಡಬೇಕು.

ಕೊನೆಗೆ ಬೆಂಗಳೂರಿನಲ್ಲಿ ಹಳೆ ಕ್ಯಾಮೆರಾ ರಿಪೇರಿ ಮಾಡುವ ಒಬ್ಬ ಹಿರಿಯರ ಹತ್ತಿರ ಹೋದೆ. ಮೆಟ್ಟಿಲ ಕೆಳಗಿನ ಸಣ್ಣ ಕೋಣೆ, ಮೇಜಿನ ತುಂಬ ಸ್ಟೀಲ್ ತಟ್ಟೆಗಳು, ತಟ್ಟೆಗೊಂದು ಕ್ಯಾಮೆರಾದ ಬಿಚ್ಚಿದ ಸ್ಕ್ರೂಗಳು. ಎರಡು ಎಂಎಕ್ಸ್ ಇಟ್ಟಿದ್ದರು. ಒಂದು ಕಪ್ಪು, ಒಂದು ಬೆಳ್ಳಿ ಬಣ್ಣದ್ದು. ಕಪ್ಪು ನೋಡಲು ಸುಂದರ, ಐದು ಸಾವಿರ ಹೆಚ್ಚು.

"ಬಣ್ಣ ಆಮೇಲೆ ನೋಡಿ ಅಮ್ಮ, ಮೊದಲು ಇದರ ಒಳಗೆ ನೋಡಿ" ಅಂದರು.

ಕಪ್ಪು ಕ್ಯಾಮೆರಾದ ಲೆನ್ಸ್ ಬಿಚ್ಚಿ, ಹಿಂದಿನ ಬಾಗಿಲು ತೆಗೆದು, ಶಟರ್ 1/1000ಕ್ಕೆ ಇಟ್ಟು, ಬಿಸಿಲು ಬಿದ್ದ ಎದುರಿನ ಗೋಡೆಯ ಕಡೆ ಹಿಡಿದು ಒತ್ತಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಬೆಳಕಿನ ಚೌಕ ಬಂದು ಹೋಯಿತು.

"ಏನು ಕಾಣಿಸಿತು?"

"ಒಂದು ಕಡೆ ಕಪ್ಪಾಗಿತ್ತು, ಯಜಮಾನ್ರೇ."

"ಹಾಂ. ಹಿಂದಿನ ಪರದೆ ಮುಂದಿನದನ್ನ ಹಿಡಿದುಬಿಡ್ತಾ ಇದೆ."

ಎಂಎಕ್ಸ್‌ನಲ್ಲಿ ಬಟ್ಟೆಯ ಎರಡು ಪರದೆಗಳು ಒಂದರ ಹಿಂದೊಂದು ಅಡ್ಡಲಾಗಿ ಓಡುತ್ತವೆ. ಜೋರು ವೇಗಗಳಲ್ಲಿ ನಡುವಿನ ಸೀಳಿನಿಂದ ಮಾತ್ರ ಫಿಲಂ ಮೇಲೆ ಬೆಳಕು ಬೀಳುತ್ತದೆ. ಒಳಗಿನ ಎಣ್ಣೆ ಗಟ್ಟಿಯಾಗಿ ಮೊದಲ ಪರದೆ ನಿಧಾನವಾದರೆ ಎರಡನೆಯದು ದಾರಿಯಲ್ಲೇ ಅದನ್ನು ಮುಟ್ಟುತ್ತದೆ, ಸೀಳು ಮುಚ್ಚುತ್ತದೆ, ಫೋಟೋದ ಒಂದು ಬದಿ ಕತ್ತಲಾಗುತ್ತದೆ. ಬೆಳ್ಳಿಯದರಲ್ಲಿ ಚೌಕ ಪೂರ್ತಿ ಬೆಳಗಿತು. ಆಮೇಲೆ ಒಂದು ಸೆಕೆಂಡಿಗೆ ಇಟ್ಟು ಕಿವಿಗೆ ಹಿಡಿದರು, ನನ್ನ ಕಿವಿಗೂ ಕೊಟ್ಟರು. ಒಳಗೆ ಗಡಿಯಾರದ ಚಕ್ರಗಳ ಸರಸರ ಸದ್ದು, ತಡವರಿಸದೆ ಒಂದೇ ಲಯದಲ್ಲಿ ಓಡಿ ನಿಂತಿತು. ನಿಧಾನ ವೇಗಗಳನ್ನು ಪರೀಕ್ಷಿಸಲು ಮೊಬೈಲಿನ ಸ್ಲೋ ಮೋಷನ್ ವಿಡಿಯೋ ಸಾಕು, ಅವರಿಗೆ ಅದೂ ಬೇಡ.

ನನ್ನ ಪಾಲಿನ ಪರೀಕ್ಷೆಗಳನ್ನೂ ಮಾಡಿದೆ. ಬ್ಯಾಟರಿ ಮುಚ್ಚಳ ತೆಗೆದು ಹಸಿರು ಕಿಲುಬು ಇದೆಯೇ ನೋಡಿದೆ, ಇರಲಿಲ್ಲ. ಹೊಸ ಸೆಲ್ ಹಾಕಿ ಶಟರ್ ಗುಂಡಿ ಅರ್ಧ ಒತ್ತಿದಾಗ ದೀಪಗಳು ಬಂದವು. ಹಸಿರು ಬಂದರೆ ಬೆಳಕು ಸರಿ, ಹಳದಿ ಬಂದರೆ ಅರ್ಧ ಸ್ಟಾಪ್ ಆಚೀಚೆ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು ಅಥವಾ ಅರ್ಧದಷ್ಟು), ಕೆಂಪು ಬಂದರೆ ಒಂದು ಸ್ಟಾಪ್ ಅಥವಾ ಅದಕ್ಕಿಂತ ಹೆಚ್ಚು. ಓದು ಬರದವರಿಗೂ ಅರ್ಥವಾಗುವ ಮೀಟರ್. ಪಕ್ಕದಲ್ಲಿ ಮೊಬೈಲಿನ ಲೈಟ್ ಮೀಟರ್ ಆ್ಯಪ್ ಇಟ್ಟು ಹೋಲಿಸಿದೆ, ಅರ್ಧ ಸ್ಟಾಪ್ ಒಳಗೇ ಇತ್ತು. ಕನ್ನಡಿ ಬಂದು ಬಡಿಯುವ ಜಾಗದ ಸ್ಪಂಜಿಗೆ ಹಲ್ಲುಕಡ್ಡಿ ತಾಗಿಸಿದರೆ ಕರಗಿ ಅಂಟಂಟಾಗಿತ್ತು. ಈ ವಯಸ್ಸಿನ ಎಲ್ಲ ಕ್ಯಾಮೆರಾಗಳಲ್ಲೂ ಅದು ಆಗುವುದೇ. ಬೇರೆ ಸ್ಪಂಜು ಹಾಕಿಕೊಡುತ್ತೇನೆ ಅಂದರು, ಹಿಂದಿನ ಬಾಗಿಲಿನ ಅಂಚಿಗೂ. ವ್ಯೂಫೈಂಡರಿನಲ್ಲಿ ಒಂದೆರಡು ಧೂಳಿನ ಕಣಗಳಿದ್ದವು. ಅವು ಫೋಟೋದಲ್ಲಿ ಬರುವುದಿಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

50 ಎಂಎಂ ಎಫ್1.7 ಲೆನ್ಸ್ ಸೇರಿ ಹದಿನೈದು ಸಾವಿರಕ್ಕೆ ಸ್ವಲ್ಪ ಕಡಿಮೆಗೆ ಬಂತು. ಚೌಕಾಸಿ ಮಾಡಿದ್ದು ಲೆನ್ಸ್ ಮುಚ್ಚಳಕ್ಕೆ ಮಾತ್ರ, ಅದನ್ನು ಹಾಗೇ ಕೊಟ್ಟರು. 40 ಎಂಎಂನ ಚಪ್ಪಟೆ ಲೆನ್ಸ್ ಒಂದಿದೆ, 110 ಗ್ರಾಂ, ಹಾಕಿದರೆ ಕ್ಯಾಮೆರಾ ನಿಜಕ್ಕೂ ಕೋಟಿನ ಜೇಬಿಗೆ ಇಳಿಯುತ್ತದೆ. ಕೇಳಿದೆ. ಬೆಲೆ ಕೇಳಿ ಸುಮ್ಮನಾದೆ. 50ರದು 185 ಗ್ರಾಂ, ಎರಡು ಸೇರಿ 680. ಕಾಂಪ್ಯಾಕ್ಟ್ ಎಂದು ಹೊಗಳುವವರು ಬಾಡಿಯ ತೂಕ ಮಾತ್ರ ಹೇಳುತ್ತಾರೆ. ಕುತ್ತಿಗೆ ಹೊರುವುದು ಮೊತ್ತವನ್ನು.

ಮೊದಲ ರೀಲ್ ಇಲ್ಫರ್ಡ್ ಎಚ್‌ಪಿ5, ಕಪ್ಪು ಬಿಳುಪು. ರೀಲ್ ಹಾಕುವುದು ಹೊಸಬರಿಗೆ ಅಂಜಿಕೆಯ ಕೆಲಸ. ಪೆಂಟಾಕ್ಸ್‌ನಲ್ಲಿ ಅದು ಸಲೀಸು: ಸುತ್ತಿಕೊಳ್ಳುವ ಉರುಳೆಯ ತುಂಬ ಬಿಳಿ ಪ್ಲಾಸ್ಟಿಕ್ ಕಡ್ಡಿಗಳು, ಅವುಗಳ ಸಂದಿಗೆ ಫಿಲಂ ತುದಿ ತೂರಿಸಿದರೆ ಹಿಡಿದುಕೊಳ್ಳುತ್ತದೆ. ಬಾಗಿಲು ಮುಚ್ಚಿ ರಿವೈಂಡ್ ಹಿಡಿಯನ್ನು ಮೆಲ್ಲಗೆ ತಿರುಗಿಸಿ ಸಡಿಲ ತೆಗೆಯಬೇಕು, ಆಮೇಲೆ ಲಿವರ್ ಎಳೆದಾಗ ಆ ಹಿಡಿ ತಾನೂ ತಿರುಗುತ್ತಿದೆಯೇ ನೋಡಬೇಕು. ತಿರುಗಿದರೆ ಒಳಗೆ ಫಿಲಂ ಓಡುತ್ತಿದೆ ಎಂದು ಅರ್ಥ. ಅಷ್ಟು ನೋಡದೆ ಇಡೀ ಮದುವೆ ಖಾಲಿ ಕ್ಯಾಮೆರಾದಲ್ಲಿ ತೆಗೆದವರ ಕಥೆಗಳು ಹಿಂದೆ ಊರೂರಲ್ಲಿ ಇದ್ದವು.

ಅರ್ಧ ರೀಲನ್ನು ಪರೀಕ್ಷೆಗೇ ಇಟ್ಟೆ. ನೆರಳಿನಲ್ಲಿದ್ದ ಸುಣ್ಣದ ಗೋಡೆಯೊಂದನ್ನು ಹುಡುಕಿಕೊಂಡು, 1/1000ಕ್ಕೆ ಎಫ್4, 1/500ಕ್ಕೆ ಎಫ್5.6, 1/250ಕ್ಕೆ ಎಫ್8, ಹೀಗೆ ಇಳಿಸುತ್ತಾ ಬಂದೆ. ಎಫ್ ಅಂಕಿ ಅಪರ್ಚರಿನದು, ಅದು ಹೆಚ್ಚಾದಷ್ಟೂ ಕಿಂಡಿ ಕಿರಿದು; ಹಾಗಾಗಿ ಬೆಳಕು ಬದಲಾಗದಿದ್ದರೆ ಇವೆಲ್ಲ ಒಂದೇ ಲೆಕ್ಕ. ಶಟರ್ ಸರಿಯಿದ್ದರೆ ನೆಗೆಟಿವ್‌ಗಳೆಲ್ಲ ಒಂದೇ ಸಮ ಕಪ್ಪಾಗಿರಬೇಕು. ಯಾವ ನಂಬರಿನ ಫೋಟೋ ಯಾವ ವೇಗ ಎಂದು ಚೀಟಿಯಲ್ಲಿ ಬರೆದುಕೊಂಡು, ರೀಲ್ ತೊಳೆಸಲು ಕೊರಿಯರ್ ಮಾಡಿದೆ. ಇಲ್ಲೊಂದು ಮಾತು ಹೇಳಲೇಬೇಕು: ಲ್ಯಾಬಿನವರು ಕಳಿಸುವ ಸ್ಕ್ಯಾನ್ ನೋಡಿ ಕ್ಯಾಮೆರಾವನ್ನು ಅಳೆಯಬಾರದು. ಸ್ಕ್ಯಾನರ್ ಪ್ರತಿ ಚಿತ್ರದ ಬೆಳಕನ್ನೂ ತಾನೇ ಸರಿಮಾಡಿ ಕೊಡುತ್ತದೆ, ತಪ್ಪು ಮುಚ್ಚಿಹೋಗುತ್ತದೆ. ನೆಗೆಟಿವ್ ವಾಪಸ್ ಕೇಳಿ ತರಿಸಿಕೊಳ್ಳಬೇಕು. ಎಷ್ಟೋ ಕಡೆ ಕೇಳದಿದ್ದರೆ ಕೊಡುವುದೇ ಇಲ್ಲ.

ನೆಗೆಟಿವ್ ಪಟ್ಟಿಗಳನ್ನು ಕಿಟಕಿಗೆ ಹಿಡಿದು ನೋಡಿದರೆ ಎಲ್ಲ ಒಂದೇ ಸಮ, 1/1000ರದು ಮಾತ್ರ ಕೂದಲೆಳೆಯಷ್ಟು ಹೆಚ್ಚು ಕಪ್ಪು. ನೆಗೆಟಿವ್ ಹೆಚ್ಚು ಕಪ್ಪಾದರೆ ಹೆಚ್ಚು ಬೆಳಕು ಬಿದ್ದಿದೆ ಎಂದು, ಅಂದರೆ ಆ ವೇಗ ಸ್ವಲ್ಪ ನಿಧಾನ. ಕಪ್ಪು ಬಿಳುಪಿಗಾಗಲಿ ಕಲರ್ ನೆಗೆಟಿವ್‌ಗಾಗಲಿ ಇಷ್ಟು ಹೆಚ್ಚು ಬೆಳಕು ಲೆಕ್ಕಕ್ಕಿಲ್ಲ. ಸ್ಲೈಡ್ ಫಿಲಂ ಹಾಕುವವರು ಯೋಚಿಸಬೇಕು. ಬೆಳಕು ಸೋರಿದ ಗುರುತು ಎಲ್ಲೂ ಇರಲಿಲ್ಲ.

ಖರ್ಚಿನ ವಿಷಯ ಮುಚ್ಚಿಡುವುದು ಬೇಡ. ಒಂದು ಕಾಲಕ್ಕೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ರೀಲ್ ನಮ್ಮಲ್ಲೇ ತಯಾರಾಗುತ್ತಿತ್ತು. ಈಗ ಅಂಗಡಿಯಲ್ಲಿ ಸಿಗುವುದೆಲ್ಲ ಹೊರದೇಶದ್ದು. ರೀಲ್, ತೊಳೆಸುವುದು, ಸ್ಕ್ಯಾನ್, ಕೊರಿಯರ್ ಎಲ್ಲ ಸೇರಿಸಿದರೆ 36 ಫೋಟೋಗೆ ನನಗೆ ಸಾವಿರದೈನೂರರ ಆಸುಪಾಸು ಬೀಳುತ್ತಿದೆ, ಅಂದರೆ ಕ್ಲಿಕ್ಕಿಗೆ ನಲವತ್ತು ರೂಪಾಯಿ. ಹತ್ತು ರೀಲ್ ಆಗುವಷ್ಟರಲ್ಲಿ ಕ್ಯಾಮೆರಾದ ಬೆಲೆ ದಾಟಿರುತ್ತದೆ. ಆದ್ದರಿಂದ ಬಾಡಿಯಲ್ಲಿ ಎರಡು ಸಾವಿರ ಉಳಿಸಲು ಪರೀಕ್ಷೆ ಮಾಡದ ಮಾಲು ತರುವುದು ಲೆಕ್ಕಕ್ಕೆ ಕೂರುವುದಿಲ್ಲ.

ಮೊನ್ನೆ ಆಫೀಸಿನಲ್ಲಿ ಸಹೋದ್ಯೋಗಿಯೊಬ್ಬರು ಇದನ್ನು ನೋಡಿ, "ನಮ್ಮ ಹುಡುಗಿಗೂ ರೀಲ್ ಕ್ಯಾಮೆರಾ ಬೇಕಂತೆ ಮೇಡಂ, ಇದನ್ನೇ ತೆಗೆದುಕೊಳ್ಳಲಾ?" ಎಂದು ಕೇಳಿದರು. ಅವರ ಮನೆಯಲ್ಲಿ ಕ್ಯಾನನ್ ಡಿಜಿಟಲ್ ಎಸ್‌ಎಲ್‌ಆರ್, ಜೊತೆಗೆ 50 ಎಂಎಂ ಇಎಫ್ ಲೆನ್ಸ್ ಇದೆ. ಬೇಡ ಅಂದೆ. 1999ರಲ್ಲಿ ಬಂದ ಕ್ಯಾನನ್ ಇಓಎಸ್ 300 ಹುಡುಕಿ ಅಂದೆ. ಪ್ಲಾಸ್ಟಿಕ್ ಬಾಡಿ, ನನ್ನದಕ್ಕಿಂತ ನೂರು ಗ್ರಾಂಗೂ ಹೆಚ್ಚು ಹಗುರ, ಫೋಕಸ್ ತಾನೇ ಮಾಡುತ್ತದೆ, ರೀಲ್ ತಾನೇ ಸುತ್ತಿಕೊಳ್ಳುತ್ತದೆ. ಹಳೆ ಕಬ್ಬಿಣದ ಮೋಹ ಇಲ್ಲದವರಿಗೆ ಅದರಷ್ಟು ಒಳ್ಳೆಯ ಚಿಕ್ಕ ಎಸ್‌ಎಲ್‌ಆರ್ ಇನ್ನೊಂದಿಲ್ಲ, ಫ್ಯಾಷನ್ ಅಲ್ಲದ್ದರಿಂದ ಬೆಲೆಯೂ ಕಡಿಮೆ. ಸಿಆರ್2 ಬ್ಯಾಟರಿ ಎರಡು ಬೇಕು, ತುಸು ದುಬಾರಿ. ಡಿಜಿಟಲ್ ಜೊತೆ ಬಂದಿರುವ ಇಎಫ್-ಎಸ್ ಕಿಟ್ ಲೆನ್ಸ್ ಅದಕ್ಕೆ ಕೂರುವುದಿಲ್ಲ, ಒತ್ತಾಯದಿಂದ ಹಾಕಲು ಹೋಗಬೇಡಿ, 50 ಎಂಎಂ ಮಾತ್ರ ಹಾಕಿ ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟೆ.